ಎಮಿಸ್ಯಾಟ್ ನಮ್ಮ ಫೋನ್ ಮಾತು ಕದ್ದು ಕೇಳುತ್ತಾ?

ಪೀಣ್ಯದ ಇಸ್ಟ್ರಾಕ್ (ಇಸ್ರೋದ ಉಪಗ್ರಹ ನಿಗಾ ಕೇಂದ್ರ) ಕಡೆಯಿಂದ ದಿನಾ ಬಸ್ಸಲ್ಲಿ ಹೋಗುತ್ತೇನೆ. ಎಮಿಸ್ಯಾಟ್ ಬೇಹುಗಾರಿಕೆ ಉಪಗ್ರಹ ಅಂತ ಗೆಳೆಯ ಹೆದರಿಸಿದ. ನಿಜಾನಾ?

↳ ಸುಮ್ನೆ ಹೆದರಬೇಡಿ ಗುರು. 2019ರ ಏಪ್ರಿಲ್ 1ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ45 ರಾಕೆಟ್ ಅದನ್ನು ಸುಮಾರು 748 ಕಿ.ಮೀ. ಎತ್ತರಕ್ಕೆ ಬಿಟ್ಟಿತು, ತೂಕ 436 ಕೆ.ಜಿ. ಇಂಥವು ಮುಖ್ಯವಾಗಿ ಹುಡುಕುವುದು ರೇಡಾರ್‌ಗಳನ್ನು. ಪ್ರತಿ ರೇಡಾರಿನ ತರಂಗಾಂತರ, ಅದು ಬಿಡುವ ರೇಡಿಯೋ ಮಿಡಿತದ (ಪಲ್ಸ್) ಉದ್ದ, ಎಷ್ಟು ಬೇಗ ಮತ್ತೆ ಮಿಡಿಯುತ್ತದೆ ಅನ್ನೋದು ಬೇರೆ ಬೇರೆ, ಅದರ ಮೇಲೆ ಯಾವ ಥರದ್ದು ಅಂತ ಗುರುತು ಹಿಡಿಯುತ್ತಾರೆ.

↳ ಇಸ್ರೋ ಬರೀ ‘ವಿದ್ಯುತ್ಕಾಂತೀಯ ಅಳತೆಗೆ’ ಅಂದಿತ್ತು, ಅಲ್ವಾ? ಹಳೇ ಚಾಳಿ ಇದು. 1960ರಲ್ಲಿ ಅಮೆರಿಕ ನೌಕಾಪಡೆ ಗ್ರ್ಯಾಬ್ ಅನ್ನೋ ಉಪಗ್ರಹ ಹಾರಿಸಿ, ಸೂರ್ಯನ ಅಧ್ಯಯನಕ್ಕೆ ಅಂತ ಹೇಳಿತ್ತು. ಸೋವಿಯತ್ ರೇಡಾರ್ ಕೇಳಿಸಿಕೊಳ್ಳುತ್ತಿದ್ದ ಗುಟ್ಟು ಬಯಲಾಗಿದ್ದು 1998ರಲ್ಲಿ!

↳ ಅಂದ್ರೆ ಫೋನಲ್ಲಿ ಅಮ್ಮನ ಜೊತೆ ಜಗಳ ಮುಂದುವರಿಸಬಹುದು, ಥ್ಯಾಂಕ್ಸ್.