ಎಂ81 ಚಿತ್ರದ ತುಂಬ ಬಳೆ ಬಳೆ, 1993ಜೆ ಅಳೆಯೋಕೇ ಆಗ್ತಿಲ್ಲ

ಬೆಳ್ಳಿಚುಕ್ಕಿ:
ಮೂರು ವಾರದ ರಜೆ ಇದಕ್ಕೇ ಹೋಯಿತು. ಪುಣೆ ಹತ್ತಿರದ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ ಆರ್ಕೈವ್‌ನಿಂದ, ಎಂ81 ಗೆಲಾಕ್ಸಿಯಲ್ಲಿ ಸಿಡಿದ ನಕ್ಷತ್ರ ಎಸ್‌ಎನ್ 1993ಜೆಯ ಹಳೇ ಡೇಟಾ ಇಳಿಸಿಕೊಂಡಿದ್ದೇನೆ. 1993ರ ಮಾರ್ಚ್ 28ರಂದು ಈ ಸೂಪರ್‌ನೋವಾ ಮೊದಲು ಕಂಡದ್ದು ಸ್ಪೇನಿನ ಹವ್ಯಾಸಿ ಫ್ರಾನ್ಸಿಸ್ಕೊ ಗಾರ್ಸಿಯಾ ಅವರಿಗೆ. ಅದಕ್ಕೇ ಇದರ ಮೇಲೆ ನನಗೆ ಅಷ್ಟು ಆಸೆ. ರೇಡಿಯೊ ಡೇಟಾದಿಂದ ಚಿತ್ರ ಮಾಡುವ ಕಾಸಾ ಸಾಫ್ಟ್‌ವೇರ್‌ನಲ್ಲಿ ಎಲ್ಲಾ ಮಾಮೂಲಿ ಹಾಗೇ ಮಾಡಿದೆ. ಚಿತ್ರ ತೆಗೆದರೆ ಕೆರೆಗೆ ಕಲ್ಲು ಹಾಕಿದ ಹಾಗೆ ಅಲೆ ಅಲೆ. ಎಷ್ಟು ಕ್ಲೀನ್ (ಮೂಲಗಳ ಸುತ್ತ ಏಳುವ ಸುಳ್ಳು ಅಲೆ ಕಳೆಯುವ ಲೆಕ್ಕ) ಮಾಡಿದರೂ ಹೋಗ್ತಿಲ್ಲ. ಬಿಂದು ಅಲೆಯ ಉಬ್ಬಿನ ಮೇಲಿದೆಯೋ ತಗ್ಗಿನಲ್ಲಿದೆಯೋ ಗೊತ್ತಿಲ್ಲದೆ ಅಳತೆ ಹೇಗೆ ನಂಬಲಿ? ದಯವಿಟ್ಟು ಯಾರಾದರೂ ಹೇಳಿ.

ಸ್ಪೆಕ್ಟ್ರಂ_ಕಾವಲು:
ಆರ್‌ಎಫ್‌ಐ. ಅಂದರೆ ನೆಲದ ಮೇಲಿನ ರೇಡಿಯೊ ಗದ್ದಲ; ಕರೆಂಟ್ ಲೈನು, ಮೊಬೈಲ್ ಟವರು, ಇವೆರಡು ಸಾಕು. ಕೆಟ್ಟ ಡೇಟಾ ಇನ್ನಷ್ಟು ಫ್ಲ್ಯಾಗ್ ಮಾಡಿ, ಅಂದರೆ ಗುರುತು ಹಾಕಿ ಬಿಟ್ಟುಬಿಡಿ.

ಹಳೇ_ಏಪ್ಸ್:
ಕಾಸಾದ ಆಟೊ ಫ್ಲ್ಯಾಗ್ ಒಳ್ಳೇ ಡೇಟಾನೂ ತಿಂದುಬಿಡುತ್ತದೆ. ಹಳೇ ಸಾಫ್ಟ್‌ವೇರ್ ಏಪ್ಸ್‌ನಲ್ಲಿ ಒಂದೊಂದೇ ಬೇಸ್‌ಲೈನ್ (ಎರಡು ಆಂಟೆನಾದ ಜೋಡಿ) ಕಣ್ಣಲ್ಲಿ ನೋಡಿ ತೆಗೀರಿ. ನಾವೆಲ್ಲ ಕಲಿತದ್ದೇ ಹಾಗೆ.

ಸ್ಪೆಕ್ಟ್ರಂ_ಕಾವಲು:
30 ಆಂಟೆನಾ ಅಂದರೆ 435 ಬೇಸ್‌ಲೈನ್ ಸರ್. ಕೈಯಲ್ಲಿ ಮಾಡುತ್ತಾ ಕೂತರೆ ದೀಪಾವಳಿ ಬರುತ್ತದೆ. ಕೇಳಿದ್ದು ಅಲೆಯ ಬಗ್ಗೆ, ಸಾಫ್ಟ್‌ವೇರ್ ಯಾವುದು ಮೇಲು ಅಂತ ಅಲ್ಲ.

ಹಳೇ_ಏಪ್ಸ್:
ಡೇಟಾ ಕಣ್ಣಲ್ಲಿ ನೋಡದವರಿಗೆ ಅಲೆ ಎಲ್ಲಿಂದ ಬಂತು ಅಂತ ಹೇಗೆ ತಿಳಿಯಬೇಕು? ಎರಡೂ ಒಂದೇ ಮಾತು.

ಬೆಳ್ಳಿಚುಕ್ಕಿ:
ಮೂರರಲ್ಲೊಂದು ಪಾಲು ಡೇಟಾ ಫ್ಲ್ಯಾಗ್ ಮಾಡಿದೆ. ಅಲೆ ಹಾಗೇ ಇದೆ. ನಾಯ್ಸ್ ಮಾತ್ರ ಜಾಸ್ತಿ ಆಯಿತು.

ತಾರಸಿ_ಡಿಶ್:
ನಮ್ಮ ಮನೆ ತಾರಸಿಯಲ್ಲಿ ಅಲ್ಯುಮಿನಿಯಂ ಶೀಟಿನ ಹಾರ್ನ್ ಇದೆ, ಜೊತೆಗೆ ಕಂಪ್ಯೂಟರಿಗೆ ಚುಚ್ಚುವ ರೇಡಿಯೊ ರಿಸೀವರ್, ಒಂದು ಎಸ್‌ಡಿಆರ್ ಡಾಂಗಲ್. 1420 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆಯ ಹೈಡ್ರೋಜನ್ ಚೆನ್ನಾಗಿ ಬರುತ್ತದೆ. ಹಗಲು ಪಕ್ಕದ ಮನೆ ಮಿಕ್ಸಿ ಹಾಕಿದರೆ ಗ್ರಾಫೇ ಕುಣಿಯುತ್ತದೆ. ಈಗ ರಾತ್ರಿ 1ರಿಂದ 4 ಮಾತ್ರ ಓಡಿಸುತ್ತೇನೆ. ಹೊಸ ಆಂಪ್ಲಿಫೈಯರ್ ಹಾಕಿದ ಮೇಲಿನ ಗ್ರಾಫ್ ನಾಳೆ ಹಾಕುತ್ತೇನೆ, ನೋಡಿ.

ಖೊಡದ್_ದಾರಿ:
ಬೆಳ್ಳಿಚುಕ್ಕಿ ಅವರೇ, ಯಾವ ಬ್ಯಾಂಡ್? ಚಿತ್ರ ಎಷ್ಟು ಪಿಕ್ಸೆಲ್, ಒಂದು ಪಿಕ್ಸೆಲ್ ಎಷ್ಟು? ಕ್ಯಾಲಿಬ್ರೇಟರ್ (ಅಳತೆ ಸರಿಹೊಂದಿಸಲು ನೋಡುವ ಮೂಲ) ಚಿತ್ರದಲ್ಲೂ ಬಳೆ ಇದೆಯಾ?

ಬೆಳ್ಳಿಚುಕ್ಕಿ:
610 ಮೆಗಾಹರ್ಟ್ಸ್. 1024 ಪಿಕ್ಸೆಲ್, ತಲಾ 1 ಆರ್ಕ್‌ಸೆಕೆಂಡ್, ಸೂಪರ್‌ನೋವಾ ನಟ್ಟನಡುವೆ. ಕ್ಯಾಲಿಬ್ರೇಟರ್ 3ಸಿ147 ಚಿತ್ರ ಸ್ವಚ್ಛವಾಗಿದೆ, ಒಂದು ಬಳೆಯೂ ಇಲ್ಲ. ಇದೆಲ್ಲ ಹೇಳಬೇಕು ಅಂತ ಅನ್ನಿಸಲಿಲ್ಲ.

ಖೊಡದ್_ದಾರಿ:
ಹಾಗಾದರೆ ಕ್ಯಾಲಿಬ್ರೇಷನ್ ಸರಿ ಇದೆ ಅನ್ನಿಸುತ್ತದೆ. ನಿಮ್ಮ ಚಿತ್ರದ ಅಗಲ 17 ಆರ್ಕ್‌ಮಿನಿಟ್ (60 ಆರ್ಕ್‌ಸೆಕೆಂಡ್ ಒಂದು ಆರ್ಕ್‌ಮಿನಿಟ್, 60 ಆರ್ಕ್‌ಮಿನಿಟ್ ಒಂದು ಡಿಗ್ರಿ). ಜಿಎಂಆರ್‌ಟಿ ಡಿಶ್ 610ರಲ್ಲಿ ನೋಡುವುದು ಸುಮಾರು 43 ಆರ್ಕ್‌ಮಿನಿಟ್, ಅದೂ ಅರ್ಧ ಬಲದ ಗೆರೆಗೆ ಮಾತ್ರ. ಅದರಾಚೆಗೂ ಕೇಳಿಸುತ್ತಾ ಇರುತ್ತದೆ. ಉತ್ತರಕ್ಕೆ 40 ಆರ್ಕ್‌ಮಿನಿಟ್ ಹೋಗಿ. ಅಲ್ಲಿ ಯಾರಿದ್ದಾರೆ? ಪಕ್ಕದ ಗೆಲಾಕ್ಸಿ ಎಂ82! 1.4 ಗಿಗಾಹರ್ಟ್ಸ್‌ನಲ್ಲೇ ಏಳೆಂಟು ಜಾನ್ಸ್ಕಿ (ರೇಡಿಯೊ ಹೊಳಪಿನ ಅಳತೆ), 610ರಲ್ಲಿ ಇನ್ನೂ ಜಾಸ್ತಿ. ಬೀಮಿನ, ಅಂದರೆ ಡಿಶ್ ನೋಡುವ ಹರವಿನ, ಅಂಚಿನಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿದರೂ ನಿಮ್ಮ ಕೆಲವೇ ಹತ್ತು ಮಿಲಿಜಾನ್ಸ್ಕಿಯ ಸೂಪರ್‌ನೋವಾಕ್ಕೆ ಅದು ಆನೆ.

ಒಂದು ಕೆಲಸ ಮಾಡಿ. ಚಿತ್ರವನ್ನು ಸ್ಕ್ರೀನ್ ತುಂಬ ಹಾಕಿ, ಬಳೆಗಳಿಗೆ ಅಡ್ಡವಾಗಿ ಸ್ಕೇಲ್ ಇಡಿ. ಎಡಕ್ಕೊಮ್ಮೆ, ನಡುವೆ ಒಮ್ಮೆ, ಬಲಕ್ಕೊಮ್ಮೆ. ಮೂರೂ ಗೆರೆ ಎಲ್ಲಿ ಸೇರುತ್ತವೆ ನೋಡಿ.

ಸ್ಪೆಕ್ಟ್ರಂ_ಕಾವಲು:
ಚಿತ್ರದ ಹೊರಗೆ ಇರುವುದು ಒಳಗೆ ಹೇಗೆ ಬರುತ್ತದೆ? ಇದು ಚಿಕ್ಕ ಬೇಸ್‌ಲೈನ್‌ಗಳ ಆರ್‌ಎಫ್‌ಐ ಅಂತಲೇ ನನ್ನ ಅಭಿಪ್ರಾಯ.

ಖೊಡದ್_ದಾರಿ:
ಚಿತ್ರದ ಅಂಚು ನಾವು ಹಾಕಿಕೊಂಡದ್ದು. ಡಿಶ್ಶಿಗೆ ಅದು ಗೊತ್ತಿಲ್ಲ ಅಲ್ವಾ? ಎಂ82ರ ಸೈಡ್‌ಲೋಬ್, ಅಂದರೆ ಅದರ ಸುತ್ತ ಏಳುವ ಸುಳ್ಳು ಬಳೆ, ಅಷ್ಟು ದೂರವೂ ಹರಡುತ್ತದೆ. ಎಂ82 ಚಿತ್ರದಲ್ಲೇ ಇಲ್ಲದಿದ್ದರೆ ಕ್ಲೀನ್ ಅದನ್ನು ಕಳೆಯುವುದಾದರೂ ಹೇಗೆ? ಇನ್ನು ಆರ್‌ಎಫ್‌ಐ ಇರುವುದು ನೆಲದ ಮೇಲೆ, ಆಕಾಶದ ಜೊತೆ ತಿರುಗುವುದಿಲ್ಲ. ಅದರ ಬಳೆಗಳಿಗೆ ಎಂ82 ನಡುಬಿಂದು ಆಗಿರುವುದಿಲ್ಲ.

ಬೆಳ್ಳಿಚುಕ್ಕಿ:
ಮಗಳ ಜಿಯೊಮೆಟ್ರಿ ಬಾಕ್ಸಿನ ಸ್ಕೇಲ್ ತಂದು ಇಟ್ಟೆ. ಮಾನಿಟರ್ ಸಾಲದೆ, ಗೋಡೆಗೆ ಪೇಪರ್ ಅಂಟಿಸಿ ಗೆರೆ ಎಳೆದೆ. ಮೂರೂ ಮೇಲೆ, ನಡುವಿಗಿಂತ ಚೂರು ಎಡಕ್ಕೆ ಸೇರಿದವು. ಲೆಕ್ಕ ಹಾಕಿದರೆ 39 ಆರ್ಕ್‌ಮಿನಿಟ್. ಎಂ82ನೇ! ಮೈ ಜುಂ ಅಂತು.

ಖೊಡದ್_ದಾರಿ:
ಇನ್ನು ಎರಡು ದಾರಿ. 6000 ಪಿಕ್ಸೆಲ್ಲಿನ ದೊಡ್ಡ ಚಿತ್ರ, ಡಬ್ಲ್ಯೂ-ಪ್ರೊಜೆಕ್ಷನ್ (ಅಗಲ ಚಿತ್ರದಲ್ಲಿ ಆಕಾಶದ ಬಾಗು ಸರಿಪಡಿಸುವ ಲೆಕ್ಕ) ಜೊತೆ. ಇಲ್ಲವೇ ಎಂ82ಕ್ಕೆ ಔಟ್‌ಲೈಯರ್ ಫೈಲಿನಲ್ಲಿ ಬೇರೆ ಚಿಕ್ಕ ಚಿತ್ರ. ಲ್ಯಾಪ್‌ಟಾಪ್ ಆದರೆ ಎರಡನೆಯದು. ಎಂ82 ಬಿಂದುವಲ್ಲ, ಉದ್ದ ಇದೆ, ಹಲವು ಗಾತ್ರದ ತುಣುಕಿನಿಂದ ಕ್ಲೀನ್ ಮಾಡುವ ಮಲ್ಟಿಸ್ಕೇಲ್ ಹಾಕಿ. ಆಮೇಲೆ ಸೆಲ್ಫ್‌ಕ್ಯಾಲ್, ಸಿಕ್ಕ ಚಿತ್ರದಿಂದಲೇ ಡೇಟಾ ತಿದ್ದುವುದು.

ಎಂ82ನ್ನು ಬರೀ ಶತ್ರು ಅಂತ ನೋಡಬೇಡಿ. ಅದರ ಹೊಟ್ಟೆಯೊಳಗೆ ಸೂಪರ್‌ನೋವಾ ಅವಶೇಷಗಳು ಡಜನ್‌ಗಟ್ಟಲೆ ಇವೆ. ಎಸ್‌ಎನ್ 2008ಐಜೆಡ್ ಸಿಕ್ಕಿದ್ದು ಅಲ್ಲೇ. ದೂಳು ಎಷ್ಟು ದಟ್ಟ ಅಂದರೆ ಮಾಮೂಲಿ ದೂರದರ್ಶಕಕ್ಕೆ ಕಾಣಲೇ ಇಲ್ಲ, 2009ರಲ್ಲಿ ರೇಡಿಯೊದಲ್ಲಿ ಸಿಕ್ಕಿತು.

ಹಳೇ_ಏಪ್ಸ್:
ಅಳತೆ ಜೋಪಾನ. ಸ್ಫೋಟವಾಗಿ ಸುಮಾರು 3200 ದಿನದ ಹೊತ್ತಿಗೆ 1993ಜೆಯ ರೇಡಿಯೊ ಸ್ಪೆಕ್ಟ್ರಂ ಮೇಲ್ತುದಿಯಲ್ಲಿ ಬಾಗಿರುವುದನ್ನು ಪೂನಂ ಚಂದ್ರಾ, ಅಲಕ್ ರೇ ಮತ್ತು ಭಟ್ನಾಗರ್ 2004ರಲ್ಲಿ ತೋರಿಸಿದರು. ಜಿಎಂಆರ್‌ಟಿ ಮತ್ತು ಅಮೆರಿಕದ ರೇಡಿಯೊ ದೂರದರ್ಶಕ ವಿಎಲ್‌ಎ ಅಳತೆ ಸೇರಿಸಿದ್ದಕ್ಕೇ ಅದು ಗೊತ್ತಾದದ್ದು. ವೇಗದ ಎಲೆಕ್ಟ್ರಾನ್‌ಗಳು ಶಕ್ತಿ ಕಳೆದುಕೊಂಡು ಮುಪ್ಪಾದ ಗುರುತು ಅದು, ಅದರಿಂದ ಕಾಂತಕ್ಷೇತ್ರವನ್ನೇ ಅಳೆದರು. ಕೆಳಗಿನ ಬ್ಯಾಂಡಿನ ಅಳತೆ ತಪ್ಪಿದರೆ ಆ ಬಾಗು ತಿಳಿಯುವುದಿಲ್ಲ. ಮತ್ತೆ, ಮೂರು ಆರ್ಕ್‌ಮಿನಿಟ್ ಒಳಗೇ ಇರುವ ಎಂ81ರ ನಡುಬಿಂದುವನ್ನು ಸೂಪರ್‌ನೋವಾ ಅಂತ ಅಳೆದುಬಿಟ್ಟೀರಿ.

ತಾರಸಿ_ಡಿಶ್:
ಹಾರ್ನಿನ ಗ್ರಾಫ್ ಹಾಕಿದ್ದೇನೆ, ಬೇರೆ ಎಳೆಯಲ್ಲಿ. ಆಂಪ್ಲಿಫೈಯರ್ ಹಾಕಿದ ಮೇಲೆ ಶಿಖರ ಎಷ್ಟು ಚೂಪಾಗಿದೆ ನೋಡಿ!

ಬೆಳ್ಳಿಚುಕ್ಕಿ:
ಔಟ್‌ಲೈಯರ್ ಹಾಕಿದೆ. ರಾತ್ರಿಯಿಡೀ ಓಡಿತು. ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು ನೋಡಿದರೆ ಬಳೆಗಳು ಮಾಯ. 1993ಜೆ ಒಂಟಿಯಾಗಿ, ದುಂಡಗೆ ಕೂತಿದೆ. ಎಂ81ರ ನಡುಬಿಂದು ಅದರ ಉತ್ತರಕ್ಕೆ ಬೇರೆಯಾಗೇ ಇದೆ. ಎಂ82ರ ಕಡೆಯಿಂದ ಮಾತ್ರ ಕಡ್ಡಿ ಕಡ್ಡಿಯಂಥ ಗೆರೆ ಇನ್ನೂ ಉಳಿದಿವೆ. ಸೆಲ್ಫ್‌ಕ್ಯಾಲ್ ಮೂರು ಸುತ್ತು ಮಾಡಿದರೂ ಹೋಗಲಿಲ್ಲ.

ಖೊಡದ್_ದಾರಿ:
ಅದು ಹೋಗುವುದಿಲ್ಲ. ಡಿಶ್ ಮೂಲದ ಹಿಂದೆ ಹೋದಂತೆ ಬೀಮ್ ಆಕಾಶದ ಮೇಲೆ ತಿರುಗುತ್ತದೆ. ಬೀಮಿನ ಅಂಚಿನಲ್ಲಿರುವ ಎಂ82 ಗಂಟೆಗೊಂದು ಹೊಳಪು ತೋರಿಸುತ್ತದೆ. ಒಂದೇ ಮಾಡೆಲ್‌ನಿಂದ ಪೂರ್ತಿ ಕಳೆಯಲು ಆಗುವುದಿಲ್ಲ. ಎಂ82ರ ದಿಕ್ಕಿಗೇ ಬೇರೆ ಗೇನ್ (ಆಂಟೆನಾಗಳ ತಿದ್ದುಪಡಿ) ತೆಗೆದು ಸುಲಿಯಬೇಕು, ಪೀಲಿಂಗ್. ಮೊದಲು ಡೇಟಾದ ಒಂದು ಕಾಪಿ ಇಟ್ಟುಕೊಳ್ಳಿ.

ಬೆಳ್ಳಿಚುಕ್ಕಿ:
ಕಾಪಿ ಆಗ್ತಾ ಇದೆ. ಶನಿವಾರ ಸುಲಿಯಲು ಕೂರುತ್ತೇನೆ.