ತಿಂಡಿ ಹೋಟೆಲ್ ನಡೀಬೇಕು, ನಾನು ಬೇಗ ಮನೆಗೆ ಹೋಗಬೇಕು. ಹೇಗೆ?

ಕಡೂರು_ತಿಂಡಿ:
ಎಲ್ಲರಿಗೂ ನಮಸ್ಕಾರ. ಕಡೂರಿನಲ್ಲಿ ನಮ್ಮದೊಂದು ಸಣ್ಣ ತಿಂಡಿ ಹೋಟೆಲ್ ಇದೆ. ಎಂಟು ಟೇಬಲ್, ಐದು ಜನ ಕೆಲಸದವರು. ಅಪ್ಪ ಶುರು ಮಾಡಿದ್ದು, ಹನ್ನೊಂದು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಬೆಳಗ್ಗೆ ನಾಲ್ಕೂವರೆಗೆ ಶಟರ್ ಎತ್ತಿದರೆ ರಾತ್ರಿ ಹತ್ತೂವರೆಗೆ ಬೀಗ. ಮಧ್ಯೆ ಗಲ್ಲಾ ಮೇಲೆ ತಲೆ ಇಟ್ಟರೆ ಅಷ್ಟೇ ನಿದ್ದೆ.

ಈಗ ಕಾಲಿನ ನರ ಉಬ್ಬಿಕೊಂಡಿದೆ. ಜಾಸ್ತಿ ಹೊತ್ತು ನಿಲ್ಲಬೇಡಿ ಅಂದರು ಡಾಕ್ಟರು. ಮೊಣಕಾಲಿನವರೆಗೆ ಬರುವ ಬಿಗಿ ಕಾಲುಚೀಲ ಕೊಟ್ಟಿದ್ದಾರೆ. ಪಂಚೆ ಕೆಳಗೆ ಅದನ್ನು ಹಾಕಿಕೊಂಡು ಓಡಾಡಿದರೆ ಗಿರಾಕಿಗಳು "ಫುಟ್‌ಬಾಲ್ ಟೀಮ್ ಸೇರಿದ್ರಾ ಸಾರ್?" ಅಂತಾರೆ.

ಹೋಟೆಲ್ ಬಿಟ್ಟು ಹೋಗಲು ಎರಡು ಭಯ. ಒಂದು ಗಲ್ಲಾ, ಇನ್ನೊಂದು ಸಾಂಬಾರು. ಗಲ್ಲಾ ವಿಷಯ ನಿಮಗೇ ಗೊತ್ತು. ಸಾಂಬಾರಿಗೆ ಪುಡಿ ಹಾಕೋದು ನಾನೇ, ಕೈ ಅಂದಾಜಿನಲ್ಲಿ. ಹೋದ ವರ್ಷ ಹೊಸದುರ್ಗದಲ್ಲಿ ಒಂದು ಮದುವೆಗೆ ಅಂತ ಎರಡು ದಿನ ಹೋಗಿದ್ದೆ. ವಾಪಸ್ ಬಂದರೆ ದಿನಾ ಬರುವ ಬಸ್ ಕಂಡಕ್ಟರ್ ಒಬ್ಬರು "ಏನ್ ಸಾರ್, ಭಟ್ಟರು ಚೇಂಜಾ?" ಅಂತ ಕೇಳಿದರು. ಆಮೇಲೆ ಎಲ್ಲೂ ಹೋಗಿಲ್ಲ.

ಯಾರಾದರೂ ಹೊತ್ತು ಕಡಿಮೆ ಮಾಡಿ ವ್ಯಾಪಾರ ಉಳಿಸಿಕೊಂಡಿದ್ದೀರಾ?

ಬಸವನಗುಡಿ_ಬೈಟೂ:
ನಾನು ಹೋಟೆಲ್‌ನವನಲ್ಲ, ಬರೀ ತಿನ್ನುವವನು. ಆದರೂ ಹೇಳ್ತೀನಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಶುಕ್ರವಾರ ರಜೆ, ಮಧ್ಯಾಹ್ನವೂ ಬಾಗಿಲು ಹಾಕುತ್ತಾರೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಭಾನುವಾರ ಮುಚ್ಚಿರುತ್ತದೆ. ಜನ ಬೈದುಕೊಂಡು ಮಾರನೇ ದಿನ ಬರುತ್ತಾರೆ, ನನ್ನ ಹಾಗೆ. ಇನ್ನೊಂದು ಮಾತು, ಬ್ರಾಹ್ಮಿನ್ಸ್‌ನಲ್ಲಿ ಸಾಂಬಾರೇ ಇಲ್ಲ. ಇಡ್ಲಿ, ವಡೆಗೆ ಚಟ್ನಿ ಮಾತ್ರ. ನಿಮ್ಮ ಅರ್ಧ ಚಿಂತೆ ಅಲ್ಲಿಗೇ ಮುಗೀತು!

ಕಿರಾಣಿ_ದಾವಣಗೆರೆ:
ಮೇಲಿನವರು ಹೇಳಿದ್ದು ಹೆಸರು ಮಾಡಿದ ಹೋಟೆಲ್‌ಗಳು ಸ್ವಾಮಿ. ಅಲ್ಲಿ ಜನ ಕ್ಯೂ ನಿಂತು ಕಾಯ್ತಾರೆ. ನಮ್ಮಂಥವರ ಅಂಗಡಿ ಮುಚ್ಚಿದ್ದರೆ ಪಕ್ಕದ ಅಂಗಡಿಗೆ ಹೋಗ್ತಾರೆ. ನಾನು ಮಧ್ಯಾಹ್ನ ಎರಡು ಗಂಟೆ ಮುಚ್ಚಿ ನೋಡಿದೆ. "ನಿಮ್ಮದು ಯಾವಾಗ ತೆಗೆದಿರುತ್ತೋ ಯಾವಾಗ ಇಲ್ವೋ" ಅಂತ ತೆಗೆದಿರುವಾಗಲೂ ಬರೋದು ಬಿಟ್ಟರು. ಆರು ವಾರಕ್ಕೆ ಸಾಕಾಯ್ತು. ನಿಮ್ಮದು ಬಸ್ ಸ್ಟ್ಯಾಂಡ್ ಹತ್ತಿರ ಆದರೆ ಇನ್ನೂ ಕಷ್ಟ ಅಲ್ವಾ?

ಕುಂದಾಪುರ_ಹಳಬ:
ಹುಬ್ಬಳ್ಳಿಯಲ್ಲಿ ಇಪ್ಪತ್ತೇಳು ವರ್ಷ ಹೋಟೆಲ್ ನಡೆಸಿ ಈಗ ಊರಲ್ಲಿ ಕೂತಿದ್ದೇನೆ. ದಾವಣಗೆರೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಕಿರಾಣಿ ಅಂಗಡಿಗೆ ಯಾವ ಹೊತ್ತಿಗೆ ಜನ ಬರುತ್ತಾರೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ತಿಂಡಿ ಹೋಟೆಲಿಗೆ ಹಸಿವೇ ಗಡಿಯಾರ ಮಾರಾಯ್ರೆ.

ಮೊದಲು ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಯಾವ ಹೊತ್ತಿಗೆ ಎಷ್ಟು ವ್ಯಾಪಾರ ಅಂತ ಬರೆಯಿರಿ. ಬೇರೆ ಏನೂ ಬದಲಾಯಿಸಬೇಡಿ. ನನಗೆ ಇದನ್ನು ಹೇಳುವವರು ಇರಲಿಲ್ಲ. ನಾನು ಬರೆದು ನೋಡುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು.

ಇನ್ನು, ನೀವು ಹಿಟ್ಟು ರುಬ್ಬುವುದು ಯಾವಾಗ? ರಾತ್ರಿ ಒಂಬತ್ತಕ್ಕೆ, ಗಿರಾಕಿಗಳು ಹೋದ ಮೇಲೆ, ಅಲ್ವಾ? ನಿಮ್ಮನ್ನು ಹತ್ತೂವರೆವರೆಗೆ ಹಿಡಿದಿಟ್ಟಿರುವುದು ಆ ಗ್ರೈಂಡರ್. ಬೆಳಗ್ಗೆ ಹನ್ನೊಂದಕ್ಕೆ ಅಕ್ಕಿ, ಉದ್ದು ನೆನೆಹಾಕಿ. ನಾಲ್ಕಕ್ಕೆ ರುಬ್ಬಿ ಮುಗಿಸಿ. ಚಳಿಗಾಲದಲ್ಲಿ ಹಿಟ್ಟು ಉಬ್ಬುವುದಕ್ಕೂ ಹೊತ್ತು ಸಿಗುತ್ತದೆ. ಬೇಸಿಗೆಯಲ್ಲಿ ಮಾತ್ರ ಏಳಕ್ಕೆ ಮುಂದೂಡಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಹುಳಿ ಹೊಡೆಯುತ್ತದೆ.

ಸಾಂಬಾರಿಗೆ: ನೀವು ಕೈ ಅಂದಾಜಿನಲ್ಲಿ ಹಾಕುವ ಪುಡಿಯನ್ನು ಮೊದಲು ತಕ್ಕಡಿಗೆ ಹಾಕಿ. ಒಂದು ವಾರ ದಿನಾ ತೂಗಿ. ಹೆಚ್ಚುಕಡಿಮೆ ಒಂದೇ ತೂಕ ಬರುತ್ತದೆ, ನೋಡಿ ಬೇಕಾದರೆ. ಆ ತೂಕಕ್ಕೆ ಪೊಟ್ಟಣ ಕಟ್ಟಿ ಇಡಿ. ಒಂದು ಪಾತ್ರೆಗೆ ಒಂದು ಪೊಟ್ಟಣ.

ಗಲ್ಲಾಕ್ಕೆ: ದುಡ್ಡು ಕಾಯುತ್ತ ಕೂರಬೇಡಿ, ವಡೆ ಎಣಿಸಿ. ಎಷ್ಟು ಕರಿದರು, ಎಷ್ಟು ಉಳಿಯಿತು, ಎಷ್ಟು ಟೋಕನ್ ಹೋಯಿತು. ವಡೆಯ ಲೆಕ್ಕ ಸರಿ ಇದ್ದರೆ ಉಳಿದದ್ದೂ ಬಹುತೇಕ ಸರಿ ಇರುತ್ತದೆ. ತಪ್ಪು ಕಂಡರೆ ಮೂರು ದಿನ ಸುಮ್ಮನಿರಿ. ಮೊದಲ ದಿನವೇ ಕೂಗಾಡಿದರೆ ಒಳ್ಳೆಯ ಹುಡುಗನೂ ಕೆಲಸ ಬಿಟ್ಟು ಹೋಗುತ್ತಾನೆ.

ಲೆಕ್ಕದ_ಪುಸ್ತಕ:
ಒಂದು ಸಣ್ಣ ಮಾತು. ನೀವು ನಿಮ್ಮ ಹೊತ್ತು ಮಾತ್ರ ಹೇಳಿದ್ದೀರಿ. ಕೆಲಸದವರದ್ದು? 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಅವರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ವಾರಕ್ಕೊಂದು ರಜೆಯೂ ಕೊಡಬೇಕು. ನಿಮ್ಮ ಭಟ್ಟರಿಗೂ ಕಾಲು ಇದೆ ಸಾರ್.

ಕಡೂರು_ತಿಂಡಿ:
ಕೊನೆಯ ಮಾತು ಚುಚ್ಚಿತು. ಸರಿಯಾಗೇ ಚುಚ್ಚಿತು. ನೋಟ್‌ಬುಕ್ ತಂದಿದ್ದೇನೆ.

ಕಡೂರು_ತಿಂಡಿ (ಎರಡೂವರೆ ತಿಂಗಳ ಮೇಲೆ):
ಹೇಳದೆ ಹೋದರೆ ತಪ್ಪಾಗುತ್ತೆ ಅಂತ ಬರೀತಿದ್ದೀನಿ.

ಮೊದಲು ದಿನದ ಸರಾಸರಿ ವ್ಯಾಪಾರ 14,500 ರೂಪಾಯಿ ಇತ್ತು. ಅದರಲ್ಲಿ ಬೆಳಗ್ಗೆ ಹತ್ತೂವರೆ ಒಳಗೇ 9,200. ಹನ್ನೆರಡರಿಂದ ಮೂರೂವರೆವರೆಗೆ 1,300. ಸಂಜೆ ಏಳೂವರೆ ಮೇಲೆ ಬರೀ 300! ಆ ಮುನ್ನೂರು ರೂಪಾಯಿಗೆ ನಾನು ದಿನಾ ಮೂರು ಗಂಟೆ ಲೈಟ್ ಉರಿಸಿಕೊಂಡು ಕೂರ್ತಿದ್ದೆ. ಹನ್ನೊಂದು ವರ್ಷ.

ಈಗ ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ಬಂದ್. ಸಂಜೆ ಏಳೂವರೆಗೆ ಕೊನೆ ಆರ್ಡರ್. ಶಟರ್ ಮೇಲೆ ದೊಡ್ಡ ಅಕ್ಷರದಲ್ಲಿ ಟೈಮ್ ಬರೆಸಿದ್ದೇನೆ. ದಾವಣಗೆರೆಯವರು ಹೇಳಿದ್ದು ನೆನಪಿತ್ತು, ಅದಕ್ಕೇ ಒಂದು ದಿನವೂ ಆ ಟೈಮ್ ತಪ್ಪಿಸಿಲ್ಲ. ಬೆಳಗ್ಗೆ ಬಾಗಿಲು ತೆಗೆಯೋದು ಭಟ್ಟರು, ನಾನು ಬರೋದು ಆರಕ್ಕೆ. ಅವರು ಮಧ್ಯಾಹ್ನವೇ ಮನೆಗೆ ಹೋಗ್ತಾರೆ, ಸಂಜೆ ಇನ್ನೊಬ್ಬ. ಸಂಬಳ ಯಾರಿಗೂ ಕಡಿಮೆ ಮಾಡಿಲ್ಲ.

ವ್ಯಾಪಾರ 13,600ಕ್ಕೆ ಇಳಿದಿದೆ. ಆದರೆ ಒಂದೂವರೆ ದಿನಕ್ಕೆ ಖಾಲಿ ಆಗ್ತಿದ್ದ 19 ಕೆಜಿ ಸಿಲಿಂಡರ್ ಈಗ ಎರಡು ದಿನ ಬರುತ್ತಿದೆ. ಮಧ್ಯಾಹ್ನ ಮಿಕ್ಕಿ ಚೆಲ್ಲುತ್ತಿದ್ದ ಚಿತ್ರಾನ್ನವೂ ಇಲ್ಲ. ಎಲ್ಲ ಕಳೆದರೆ ಕೈಗೆ ಬರೋದು ದಿನಕ್ಕೆ ಸುಮಾರು ಇನ್ನೂರು ರೂಪಾಯಿ ಕಡಿಮೆ. ಡಾಕ್ಟರಿಗೆ ಕೊಡೋದಕ್ಕಿಂತ ಅಗ್ಗ ಅಂತ ಹೆಂಡತಿ.

ಎಲ್ಲ ಸಲೀಸಾಗಿ ಆಗಲಿಲ್ಲ. ಮೂರನೇ ವಾರ ಭಟ್ಟರು ಒಂದೇ ಪಾತ್ರೆಗೆ ಎರಡು ಪೊಟ್ಟಣ ಸುರಿದರು. ಅದೇ ಕಂಡಕ್ಟರ್ ಅವತ್ತು ಏನೂ ಹೇಳಲಿಲ್ಲ, ನೀರು ಮಾತ್ರ ಮೂರು ಲೋಟ ಕುಡಿದರು. ಎರಡು ದಿನ ಪಕ್ಕದ ಬೀದಿಗೆ ಹೋಗಿ ಮತ್ತೆ ಬಂದರು. ವಡೆ ಲೆಕ್ಕ ಒಮ್ಮೆ ಹನ್ನೆರಡು ಕಮ್ಮಿ ಬಂತು. ಹಳಬರು ಹೇಳಿದ ಹಾಗೆ ಸುಮ್ಮನಿದ್ದೆ. ಪಾರ್ಸಲ್‌ಗೆ ಟೋಕನ್ ಹರಿಯದೆ ಕೊಟ್ಟಿದ್ದನಂತೆ ಹುಡುಗ, ಮಾರನೇ ದಿನ ಅವನೇ ಬಂದು ಹೇಳಿದ.

ಮೊದಲ ವಾರ ಮಧ್ಯಾಹ್ನ ಮನೆಗೆ ಹೋಗೋಕೆ ಮನಸ್ಸೇ ಬರಲಿಲ್ಲ. ಶಟರ್ ಎಳೆದು ಅದರ ಮುಂದಿನ ಕಟ್ಟೆ ಮೇಲೇ ಕೂತಿರ್ತಿದ್ದೆ. "ಏನ್ ಸಾರ್, ಬೀಗದ ಕೈ ಕಳ್ಕೊಂಡ್ರಾ?" ಅಂತ ಆಟೋದವರು ಕೇಳ್ತಿದ್ದರು.

ಇನ್ನು ವಾರದ ರಜೆ ಬಾಕಿ. ಕೆಲಸದವರು ಸರದಿ ಪ್ರಕಾರ ತಗೋತಿದ್ದಾರೆ, ಹೋಟೆಲ್ ಪೂರ್ತಿ ಮುಚ್ಚೋಕೆ ನನಗಿನ್ನೂ ಧೈರ್ಯ ಬಂದಿಲ್ಲ. ತಿಂಗಳಿಗೊಂದು ಅಮಾವಾಸ್ಯೆ ದಿನ ಮುಚ್ಚು ಸಾಕು ಅಂತಾರೆ ಅಮ್ಮ. ಹಳಬರೇ, ನೀವು ಹುಬ್ಬಳ್ಳಿಯಲ್ಲಿ ಯಾವ ದಿನ ಮುಚ್ತಿದ್ರಿ?

ಕುಂದಾಪುರ_ಹಳಬ:
ಮುಚ್ಚಿದ್ದರೆ ಹೇಳ್ತಿದ್ದೆ ಮಾರಾಯ್ರೆ.