ಪೆಟ್ ವರದಿಯ ‘ಅಪ್‌ಟೇಕ್’: ಹೀರಿಕೆಯೋ, ಶೇಖರಣೆಯೋ?

ಪ್ರಶ್ನೆ: ಸ್ತನ ಕ್ಯಾನ್ಸರ್ ರೋಗಿಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಎಫ್‌ಇಎಸ್ ಪೆಟ್ ಸ್ಕ್ಯಾನ್ ವರದಿಯ ‘ಅಪ್‌ಟೇಕ್’ಗೆ ‘ಹೀರಿಕೆ’, ‘ರಿಸೆಪ್ಟರ್’ಗೆ ‘ಗ್ರಾಹಕ’ ಎಂದರೆ ಸರಿಯೇ?

ಉತ್ತರ: ಎರಡೂ ಬೇಡ ಎನ್ನುತ್ತೇನೆ.

ಪೆಟ್ ಎಂದರೆ ವಿಕಿರಣ ಸೂಸುವ ವಸ್ತುವನ್ನು ಸ್ವಲ್ಪ ಚುಚ್ಚಿ, ಅದು ಮೈಯಲ್ಲಿ ಎಲ್ಲೆಲ್ಲಿ ಸೇರುತ್ತದೆ ಎಂದು ನೋಡುವ ಸ್ಕ್ಯಾನ್; ಹಾಗೆ ಸೇರುವುದೇ ‘ಅಪ್‌ಟೇಕ್’. ಮಾಮೂಲಿ ಪೆಟ್‌ನಲ್ಲಿ ಕೊಡುವ ಎಫ್‌ಡಿಜಿ ಎಂಬ ವಸ್ತು ಸಕ್ಕರೆಯಂಥದ್ದು. ಜೀವಕೋಶ ಅದನ್ನು ನಿಜಕ್ಕೂ ಒಳಗೆಳೆದುಕೊಳ್ಳುತ್ತದೆ, ಅಲ್ಲಿ ‘ಹೀರಿಕೆ’ ಒಪ್ಪುತ್ತದೆ. ಎಫ್‌ಇಎಸ್ ಎಂದರೆ ವಿಕಿರಣ ಸೂಸುವ ಫ್ಲೋರಿನ್-18 ಜೋಡಿಸಿದ ಎಸ್ಟ್ರಾಡಯಾಲ್, ಅಂದರೆ ಈಸ್ಟ್ರೋಜನ್ ಹಾರ್ಮೋನ್. ಅದು ಈಸ್ಟ್ರೋಜನ್ ರಿಸೆಪ್ಟರ್ (ಜೀವಕೋಶದಲ್ಲಿ ಆ ಹಾರ್ಮೋನ್ ಬಂದು ಕೂರುವ ಸೀಟು) ಇದ್ದಲ್ಲಿ ಹೋಗಿ ಕೂರುತ್ತದೆ. ಗಡ್ಡೆ ಎಷ್ಟು ಸಕ್ಕರೆ ತಿನ್ನುತ್ತಿದೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಹಾರ್ಮೋನ್ ಚಿಕಿತ್ಸೆಗೆ ಅಲ್ಲಿ ಹಿಡಿತ ಸಿಕ್ಕೀತೇ ಎಂಬುದು ಪ್ರಶ್ನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಇದನ್ನು ಒಪ್ಪಿದ್ದೂ ಮರುಕಳಿಸಿದ ಅಥವಾ ಹರಡಿದ ಕಾಯಿಲೆಯಲ್ಲಿ, ಬಯಾಪ್ಸಿಯ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆಯ) ಜೊತೆಗೆ ಬಳಸಲು.

ಹಾಗಾದರೆ ರಿಸೆಪ್ಟರ್‌ಗೆ ಅಂಟಿಕೊಳ್ಳುವ ಅರ್ಥದಲ್ಲಿ ‘ಬಂಧನ’ ಎನ್ನೋಣವೇ? ಅದೂ ಎಡವುತ್ತದೆ. ಎಫ್‌ಇಎಸ್ ಕರಗಿ ಹೊರಹೋಗುವುದು ಯಕೃತ್ತಿನ ಮೂಲಕ. ಹಾಗಾಗಿ ಗಡ್ಡೆ ಇರಲಿ ಬಿಡಲಿ, ರಿಸೆಪ್ಟರ್‌ನ ಹಂಗಿಲ್ಲದೆ ಯಕೃತ್ತು ಬೆಳಗುತ್ತದೆ, ಅದರೊಳಗಿನ ಗಡ್ಡೆ ಆ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಕಾರಣ ಯಾವುದೇ ಇರಲಿ, ಎರಡಕ್ಕೂ ಸಲ್ಲುವ ಪದ ‘ಶೇಖರಣೆ’.

ವಿವರಣೆಯಲ್ಲಿ ಮಾತ್ರ ‘ಕೂರು’ ಧಾತುವನ್ನು ಬಿಡಬೇಡಿ, ತಪ್ಪು ನೆಗೆಟಿವ್ (ರಿಸೆಪ್ಟರ್ ಇದ್ದರೂ ಇಲ್ಲವೆಂದು ತೋರುವುದು) ಅದರಿಂದಲೇ ಅರ್ಥವಾಗುತ್ತದೆ. ಹಾರ್ಮೋನ್ ಚಿಕಿತ್ಸೆಯ ಟಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ ಆ ಔಷಧಿ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಜಾಗ ಹಿಡಿದಿರುತ್ತದೆ. ಕೊನೆಯ ಡೋಸ್ ಆದ ಮೇಲೂ ಟಾಮಾಕ್ಸಿಫೆನ್ 8 ವಾರ, ಅದೇ ಚಿಕಿತ್ಸೆಯ ಇನ್ನೊಂದು ಔಷಧಿ ಫುಲ್ವೆಸ್ಟ್ರಂಟ್ 28 ವಾರದವರೆಗೆ ಅಡ್ಡಿ ಮಾಡಬಹುದು. ಸೀಟು ಇದೆ, ಆದರೆ ಖಾಲಿ ಇಲ್ಲ. ಸ್ಕ್ಯಾನಿನಲ್ಲಿ ಅದು ಸೀಟೇ ಇಲ್ಲದಂತೆ ಕಾಣುತ್ತದೆ. ‘ಯಾವ ಔಷಧಿ, ಕೊನೆಯ ಡೋಸ್ ಯಾವಾಗ ಎಂದು ಸ್ಕ್ಯಾನಿಗೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ’ ಎಂಬ ಸಾಲು ಕೈಪಿಡಿಯಲ್ಲಿ ಇರಲೇಬೇಕು.

‘ಗ್ರಾಹಕ’ ಪಠ್ಯಪುಸ್ತಕಕ್ಕೆ ಸರಿಯಿರಬಹುದು. ಆದರೆ ‘ಗ್ರಾಹಕರು ಕಡಿಮೆ’ ಎಂದು ಓದಿದವರಿಗೆ ಕಣ್ಣಮುಂದೆ ಬರುವುದು ಅಂಗಡಿ. ‘ಗ್ರಾಹಿ’ ಎನ್ನಿ, ಮೊದಲ ಸಲ ‘ರಿಸೆಪ್ಟರ್’ ಎಂದೂ ಜೊತೆಗಿಡಿ, ವರದಿಯಲ್ಲಿ ಅವರು ಕಾಣುವುದು ಅದನ್ನೇ. ‘ಪಾಸಿಟಿವ್’ಗೆ ‘ಸಕಾರಾತ್ಮಕ’ ಖಂಡಿತ ಬೇಡ. ‘ಗ್ರಾಹಿ ಇದೆ’, ‘ಗ್ರಾಹಿ ಕಂಡಿಲ್ಲ’ ಸಾಕು. ‘ಇಲ್ಲ’ ಬೇರೆ, ‘ಕಂಡಿಲ್ಲ’ ಬೇರೆ.

ಮಾದರಿಗೆ: ‘ಎಡ ತೊಡೆಮೂಳೆಯ ಗಡ್ಡೆಯಲ್ಲಿ ಎಫ್‌ಇಎಸ್ ಶೇಖರಣೆ ಇದೆ; ಅಲ್ಲಿ ಈಸ್ಟ್ರೋಜನ್ ಗ್ರಾಹಿಗಳಿವೆ. ಯಕೃತ್ತಿನ ಗಡ್ಡೆಯ ಬಗ್ಗೆ ಈ ಸ್ಕ್ಯಾನಿನಿಂದ ಹೇಳಲಾಗದು.’